ಬೋಲ್ಟನ್ನಿನಿಂದ ದೇರಾಕ್ಕೆ ಬಂದ ಸ್ಟೆಲ್ಲಾ ಆಂಟಿ

ಸ್ಟೆಲ್ಲಾ ಆಂಟಿ ಎಂದ ಕೂಡಲೇ ನನಗೆ ಕಾಣಿಸುವುದು ದುಬೈಯ ದೇರಾದಲ್ಲಿ ನಮ್ಮ ಗಲ್ಲಿಯ ನಟ್ಟನಡುವೆ ನಿಂತ ಒಬ್ಬ ಹೆಂಗಸು. ಹೂವಿನ ನೈಟಿ, ಅದರ ಮೇಲೆ ಬೂದು ಬಣ್ಣದ ಉಣ್ಣೆಯ ಸ್ವೆಟರು, ಕಾಲಲ್ಲಿ ಬಾತ್‌ರೂಮ್ ಚಪ್ಪಲಿ, ಕೈಯಲ್ಲಿ ನೆಲ ಒರೆಸುವ ಮಾಪಿನ ಕೋಲು. ಕೋಲಿನ ತುದಿಗೆ ಒಂದು ಸ್ಟೀಲಿನ ಹರಿವಾಣ ಕಟ್ಟಿತ್ತು. ಹರಿವಾಣದ ಮೇಲೆ ಕೆಂಪು ನೈಲ್ ಪಾಲಿಶಿನಲ್ಲಿ ದೊಡ್ಡದಾಗಿ ‘ಸ್ಟಾಪ್’ ಎಂದು ಬರೆದಿತ್ತು. ಎರಡೂ ಕಡೆ ಪಿಕಪ್ಪುಗಳು, ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿದ್ದರೆ ಆಂಟಿ ಕ್ಯಾರೇ ಎನ್ನದೆ, “ಯಲ್ಲಾ ಮಕ್ಕಳೇ, ಬೇಗ ಬೇಗ! ಬಸ್ಸು ನಿಮ್ಮಜ್ಜಂದಲ್ಲ!” ಎಂದು ನಮ್ಮನ್ನೆಲ್ಲ ದಾಟಿಸುತ್ತಿದ್ದರು. ನಾನು ಶಾಲೆಗೆ ಹೊರಟ ಮೊದಲ ದಿನವೇ ಒಬ್ಬ ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹೊರಹಾಕಿ ಏನೋ ಗೊಣಗಿದ. ಆಂಟಿ ಹರಿವಾಣವನ್ನು ಅವನ ಬಾನೆಟ್ಟಿಗೆ ಟಣ್ಣೆಂದು ಕುಟ್ಟಿದರು. ಊರಿನಿಂದ ಬಂದು ಇನ್ನೂ ವಾರವೂ ಆಗಿರದ ಏಳು ವರ್ಷದ ನಾನು, ಇದೆಂಥ ದೇಶವಪ್ಪಾ ಎಂದು ಅಮ್ಮನ ಬ್ಯಾಗಿಗೆ ಜೋತುಬಿದ್ದೆ.

ಇದು ದುಬೈಯ ಪದ್ಧತಿಯಲ್ಲ, ಆಂಟಿಯ ಬೋಲ್ಟನ್ನಿನ ಪದ್ಧತಿ ಎಂದು ಆಮೇಲೆ ತಿಳಿಯಿತು. ಬೋಲ್ಟನ್ ಎಂದರೆ ಉತ್ತರ ಇಂಗ್ಲೆಂಡಿನ ಒಂದು ಬಟ್ಟೆ ಗಿರಣಿಯ ಪಟ್ಟಣ. ಅಲ್ಲಿ ಶಾಲೆಯ ಹೊತ್ತಿಗೆ ಕೋಲಿನ ತುದಿಗೆ ದುಂಡನೆಯ ಫಲಕ ಹಿಡಿದ ಹೆಂಗಸೊಬ್ಬಳು ರಸ್ತೆಯ ಮಧ್ಯೆ ನಿಂತು ಮಕ್ಕಳನ್ನು ದಾಟಿಸುತ್ತಿದ್ದಳಂತೆ. ಮಕ್ಕಳು ಆಕೆಯನ್ನು ಲಾಲಿಪಾಪ್ ಲೇಡಿ ಎನ್ನುತ್ತಿದ್ದರಂತೆ. “ರಾಣಿಯ ಕಾರು ಬಂದ್ರೂ ಅವಳು ನಿಲ್ಲಿಸ್ತಿದ್ಲು, ಗೊತ್ತುಂಟಾ? ಮತ್ತೆ ಈ ಪಿಕಪ್ಪಿನವ ಯಾವ ಲೆಕ್ಕ!” ಎನ್ನುತ್ತಿದ್ದರು ಆಂಟಿ. ಒಂದು ದಿನ ಪೊಲೀಸರ ಗಾಡಿ ಬಂದು ನಿಂತಿತು. ಎಳೆಯ ಪೊಲೀಸಿನವನು ಹರಿವಾಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ನಗು ತಡೆದುಕೊಂಡ, ಕೊನೆಗೆ “ಮದಾಮ್, ದಿಸ್ ಖಲಾಸ್” ಎಂದು ಹರಿವಾಣವನ್ನು ಕೋಲಿನಿಂದ ಬಿಚ್ಚಿ ಅವರ ಕೈಗೆ ಕೊಟ್ಟ. ಆದರೆ ಅವತ್ತು ನಮ್ಮನ್ನೆಲ್ಲ ತಾನೇ ದಾಟಿಸಿ ಹೋದ. ಮರುದಿನದಿಂದ ಆಂಟಿ ಬರಿಗೈ ಎತ್ತಿ ಅದೇ ಜಾಗದಲ್ಲಿ ನಿಂತರು. ಹರಿವಾಣವನ್ನು ಮತ್ತೆ ಅಡುಗೆಮನೆಗೆ ಸೇರಿಸಿ ಅದರಲ್ಲಿ ಹಪ್ಪಳದ ಹಿಟ್ಟು ಕಲಸತೊಡಗಿದರು. ನೈಲ್ ಪಾಲಿಶ್ ಮಾತ್ರ ಕಡೆಯವರೆಗೂ ಪೂರ್ತಿ ಹೋಗಲಿಲ್ಲ.

ಆಂಟಿ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನರು. ಅವರಪ್ಪನಿಗೆ ಬೋಲ್ಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದರು. ಆಂಟಿ ದೊಡ್ಡ ಹುಡುಗಿಯಾಗುವವರೆಗೆ ಅಲ್ಲೇ ಓದಿದವರು. ಅಪ್ಪನ ಎದೆಗೆ ಅಲ್ಲಿನ ಚಳಿ ಹಿಡಿಸದೆ ಎಲ್ಲರೂ ವಾಪಸು ಬಂದರಂತೆ. ಮುಂದೆ ಹಿಲರಿ ಅಂಕಲನ್ನು ಮದುವೆಯಾಗಿ ದುಬೈಗೆ ಬಂದು, ಒಂದು ಹೋಟೆಲಿನಲ್ಲಿ ಟೆಲಿಫೋನ್ ಆಪರೇಟರ್ ಆದರು. ಕನ್ನಡ ಮಾತಾಡಿದರೆ ಅಪ್ಪಟ ಮಂಗಳೂರು. ಇಂಗ್ಲಿಷ್ ಮಾತಾಡಿದರೆ ಅಪ್ಪಟ ಬೋಲ್ಟನ್. ಹೋಟೆಲಿನಲ್ಲಿ ಇಳಿದ ಇಂಗ್ಲೆಂಡಿನವರು ಫೋನಿನಲ್ಲಿ ಆ ದನಿ ಕೇಳಿ, ನಮ್ಮ ಊರಿನವಳು ಯಾರೋ ಇದ್ದಾಳೆಂದು ನೋಡಲು ಕೆಳಗಿಳಿದು ಬರುತ್ತಿದ್ದರಂತೆ. ಬಂದು ನೋಡಿದರೆ ಎಣ್ಣೆ ಹಚ್ಚಿ ಬಾಚಿದ ತಲೆ, ಕುತ್ತಿಗೆಯಲ್ಲಿ ಶಿಲುಬೆ, ಮೈಮೇಲೆ ಸ್ವೆಟರು. “ಅವರ ಮೋರೆ ನೋಡ್ಬೇಕಿತ್ತು ಮಾರಾಯ್ತಿ, ಐಸ್‌ಕ್ರೀಮಿನಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗೆ!” ಎಂದು ಹೇಳಿ ಅವರೇ ಬಿದ್ದು ಬಿದ್ದು ನಗುತ್ತಿದ್ದರು.

ದೇರಾದ ಆ ಫ್ಲ್ಯಾಟಿನಲ್ಲಿ ನಾವು ಎರಡು ಸಂಸಾರ. ಒಂದು ಕೋಣೆಯಲ್ಲಿ ಸ್ಟೆಲ್ಲಾ ಆಂಟಿ ಮತ್ತು ಹಿಲರಿ ಅಂಕಲ್, ಇನ್ನೊಂದರಲ್ಲಿ ಅಪ್ಪ, ಅಮ್ಮ, ನಾನು. ಅಡುಗೆಮನೆ ಒಂದೇ, ಬಾತ್‌ರೂಮೂ ಒಂದೇ. ಅವರಿಗೆ ಮಕ್ಕಳಿರಲಿಲ್ಲ. ಆಂಟಿಯ ಡ್ಯೂಟಿ ಸಂಜೆಗೆ ಶುರುವಾಗುತ್ತಿದ್ದುದರಿಂದ ನಾನು ಶಾಲೆಯಿಂದ ಬಂದ ಮೇಲೆ ಅವರ ಪಾಲಿಗೆ ಬೀಳುತ್ತಿದ್ದೆ.

ಅವರ ಬೋಲ್ಟನ್ನಿನ ಕಥೆಗಳಿಗೆ ಕೊನೆಯೇ ಇರಲಿಲ್ಲ. ಹೊರಗೆ ಬಿಸಿಲಿಗೆ ಕಿಟಕಿಯ ಗಾಜು ಮುಟ್ಟಲಾಗುತ್ತಿರಲಿಲ್ಲ, ಒಳಗೆ ಆಂಟಿ ಹಿಮದ ಕಥೆ ಹೇಳುತ್ತಿದ್ದರು. ಶಾಲೆಯಲ್ಲಿ ಪ್ರತಿ ಮಗುವಿಗೂ ಪುಟ್ಟ ಬಾಟಲಿಯಲ್ಲಿ ಹಾಲು ಕೊಡುತ್ತಿದ್ದರಂತೆ. ಚಳಿಗಾಲದಲ್ಲಿ ಹಾಲು ಗಟ್ಟಿಯಾಗಿ ಮುಚ್ಚಳವನ್ನೇ ಮೇಲಕ್ಕೆ ದೂಡುತ್ತಿತ್ತಂತೆ. ಮಧ್ಯಾಹ್ನದ ಊಟಕ್ಕೆ ಬೇಯಿಸಿ ಜಜ್ಜಿದ ಬಟಾಟೆ, ಅದರ ಪಕ್ಕ ಬೀಟ್‌ರೂಟು, ಆಮೇಲೆ ಗುಲಾಬಿ ಬಣ್ಣದ ಕಸ್ಟರ್ಡು. “ಉಪ್ಪು ಇಲ್ಲ, ಹುಳಿ ಇಲ್ಲ, ಖಾರ ಅಂತೂ ದೇವರಾಣೆ ಇಲ್ಲ. ನಾನು ಅಮ್ಮನಿಗೆ ಗೊತ್ತಾಗದ ಹಾಗೆ ಮಿಡಿ ಉಪ್ಪಿನಕಾಯಿ ಕರ್ಚೀಫಿನಲ್ಲಿ ಕಟ್ಟಿ ತಗೊಂಡು ಹೋಗ್ತಿದ್ದೆ. ಕೋಟಿನ ಕಿಸೆ ಆ ವಾಸನೆಯನ್ನು ಬಿಡ್ಲೇ ಇಲ್ಲ.” ತಲೆಯ ಹೇನು ನೋಡಲು ಒಬ್ಬ ನರ್ಸಮ್ಮ ಶಾಲೆಗೆ ಬರುತ್ತಿದ್ದಳಂತೆ. ಆಂಟಿಯ ಅಮ್ಮ ಬೆಳಿಗ್ಗೆಯೇ ತಲೆಗೆ ಸುರಿದಿದ್ದ ತೆಂಗಿನೆಣ್ಣೆಗೆ ನರ್ಸಮ್ಮನ ಬಾಚಣಿಗೆ ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತಂತೆ. ಹಬ್ಬದ ಮೆರವಣಿಗೆಗೆ ಬಿಳಿ ಫ್ರಾಕು ಹಾಕಿ ಬ್ಯಾಂಡಿನ ಹಿಂದೆ ನಡೆದದ್ದು, ಅರ್ಧ ದಾರಿಯಲ್ಲಿ ಮಳೆ ಬಂದು ಎಲ್ಲರ ಫ್ರಾಕೂ ಕೆಸರಾದದ್ದು, ಶುಕ್ರವಾರ ಪೇಪರಿನಲ್ಲಿ ಸುತ್ತಿದ ಬಿಸಿ ಮೀನು ಮತ್ತು ಬಟಾಟೆಯನ್ನು ವಿನೆಗರ್ ಹಾಕಿ ನಡೆಯುತ್ತಾ ತಿಂದದ್ದು. ಕೇಳಿ ಕೇಳಿ ನನಗೆ ದುಬೈಗಿಂತ ಮೊದಲು ಬೋಲ್ಟನ್ನಿನ ಗಲ್ಲಿಗಳು ಬಾಯಿಪಾಠವಾದವು.

ಆದರೆ ಕೇಳುತ್ತಿದ್ದೆ, ಅಷ್ಟೇ. ಮಾತಾಡುತ್ತಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಪ್ಪ ದೇರಾದ ಒಂದು ಅಂಗಡಿಯಲ್ಲಿ ಅಕೌಂಟೆಂಟು, ಅಮ್ಮ ಆಸ್ಪತ್ರೆಯಲ್ಲಿ ನರ್ಸು. ನಾನು ಎರಡು ವರ್ಷದವಳಿದ್ದಾಗ ನನ್ನನ್ನು ಉಡುಪಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೂ ಇಲ್ಲಿಗೆ ಬಂದಿದ್ದರು. ನನ್ನನ್ನು ಕರೆಸಿಕೊಳ್ಳುವ ಅನುಕೂಲ ಅವರಿಗೆ ಆದದ್ದು ನನಗೆ ಏಳು ತುಂಬಿದ ಮೇಲೆ. ಅಲ್ಲಿಯತನಕ ಅಮ್ಮ ಎಂದರೆ ವರ್ಷಕ್ಕೊಮ್ಮೆ ಚಾಕೊಲೇಟ್ ತರುವ ಹೆಂಗಸು. ಊರಲ್ಲಿ ಎಲ್ಲ ಮಕ್ಕಳೂ ಅಮ್ಮನಿಗೆ ‘ನೀನು’ ಎಂದರೆ ನಾನು ‘ನೀವು’ ಎನ್ನುತ್ತಿದ್ದೆ. ಅಮ್ಮ ಅದನ್ನು ಕೇಳಿಯೂ ಕೇಳದವರ ಹಾಗೆ ಇರುತ್ತಿದ್ದರು. ಕನ್ನಡ ಶಾಲೆಯಿಂದ ಎತ್ತಿ ತಂದು ಇಂಗ್ಲಿಷ್ ಶಾಲೆಗೆ ಹಾಕಿದರು. ಮೊದಲ ದಿನ ನೀರು ಕುಡಿಯಲು ಬಿಡಿ ಎಂದು ಕನ್ನಡದಲ್ಲಿ ಕೇಳಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಲ್ಲಿಗೆ ಬಾಯಿ ಮುಚ್ಚಿದವಳು ತಿಂಗಳುಗಟ್ಟಲೆ ತೆರೆಯಲಿಲ್ಲ. ಮೆಲ್ಲಗೆ ಮನೆಯಲ್ಲೂ ಮಾತು ನಿಂತಿತು. ಯಾರಾದರೂ ಹೆಸರು ಕೇಳಿದರೆ ಅಮ್ಮನೇ “ಸುಮನಾ” ಎಂದು ಉತ್ತರಿಸುವರು. ಬಾಯಾರಿಕೆಯಾ ಎಂದರೆ ಅಮ್ಮನೇ “ಹೌದು” ಎನ್ನುವರು.

ಶಾಲೆಯವರು ಅಪ್ಪನನ್ನು ಕರೆಸಿದರು. ವಾರ್ಷಿಕ ಪರೀಕ್ಷೆಯೊಳಗೆ ಮಗು ಮಾತಾಡದಿದ್ದರೆ ಇಲ್ಲಿ ಮುಂದುವರಿಸುವುದು ಕಷ್ಟ, ಬೇರೆ ಏರ್ಪಾಡು ನೋಡಿಕೊಳ್ಳಿ ಎಂದರು. ಅಪ್ಪ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು.

“ಪರೀಕ್ಷೆ ತನಕ ನೋಡುವ. ಇಲ್ಲದಿದ್ರೆ ಊರಿಗೇ ಕಳಿಸುವ. ಅಜ್ಜಿ ಹತ್ರ ಹೇಗೂ ಚೆನ್ನಾಗಿದ್ಲಲ್ಲ,” ಎಂದರು.

ಅಮ್ಮ ತರಕಾರಿ ಹೆಚ್ಚುತ್ತಲೇ ಇದ್ದರು. ಆಂಟಿ ಒಲೆಯ ಮೇಲಿನ ಮೀನು ಸಾರನ್ನು ಇಳಿಸಿ, ಕೈಯನ್ನು ಸ್ವೆಟರಿಗೇ ಒರೆಸಿಕೊಂಡು ಅಪ್ಪನ ಮುಂದೆ ಬಂದು ನಿಂತರು.

“ದಿವಾಕರ, ನಿಮಗೆ ನನ್ನ ತಮ್ಮ ರಾಬಿಯ ಕಥೆ ಹೇಳಿದ್ದೇನಾ? ಇಲ್ಲ. ಇಷ್ಟು ಕಥೆ ಹೇಳ್ತೇನೆ, ಅದೊಂದು ಹೇಳುದಿಲ್ಲ. ಬೋಲ್ಟನ್ನಿಗೆ ಹೋದಾಗ ಅವ ಚಿಕ್ಕವ. ನನಗೆ ಬೇಗ ಇಂಗ್ಲಿಷ್ ಬಂತು. ಅವನನ್ನು ಯಾರು ಎಂತ ಕೇಳಿದ್ರೂ ನಾನೇ ಉತ್ತರ ಕೊಡುದು. ಅವ ಬಾಯಿ ಬಿಡ್ಲಿಕ್ಕೆ ನಾನು ಬಿಟ್ರೆ ಅಲ್ವಾ? ಕೊನೆಗೆ ಮಾಸ್ಟ್ರು ಹೇಳಿದ್ರು, ಇವನಿಗೆ ಎಂತದೋ ಕಮ್ಮಿ ಉಂಟು ಅಂತ. ಅಪ್ಪ ಅವನನ್ನು ಮಂಗಳೂರಿಗೆ ಅಜ್ಜಿ ಹತ್ರ ಕಳಿಸಿದ್ರು. ನಾವೆಲ್ಲ ವಾಪಸು ಬಂದ ದಿನ ಗೇಟಿನ ಹತ್ರ ಒಬ್ಬ ಹುಡುಗ ನಿಂತಿದ್ದ. ನನ್ನ ಅಮ್ಮನನ್ನೇ ನೋಡಿ ‘ನೀವು ಯಾರು?’ ಅಂತ ಕೇಳಿದ. ಚೆನ್ನಾಗಿಯೇ ಮಾತಾಡ್ತಿದ್ದ. ಎಲ್ಲರ ಹತ್ರವೂ. ನಮ್ಮ ಹತ್ರ ಮಾತ್ರ ನೆಂಟರ ಹಾಗೆ.”

ಅಮ್ಮನ ಕೈಯ ಚಾಕು ನಿಂತಿತು. ಆಂಟಿ ಅವರತ್ತ ತಿರುಗಿ, “ಲಲಿತಾ, ಇವತ್ತಿಂದ ಇವಳ ಬದಲಿಗೆ ನೀನು ಬಾಯಿ ಬಿಟ್ರೆ ನಿನ್ನ ಬಾಯಿಗೆ ಪ್ಲಾಸ್ಟರ್ ಹಾಕ್ತೇನೆ. ಆಸ್ಪತ್ರೆಯಿಂದ ನೀನೇ ತಂದುಕೊಡು,” ಎಂದರು. ಅಮ್ಮನಿಗೆ ಅಳುವಿನ ನಡುವೆ ನಗು ಬಂತು.

ಮರುದಿನ ನಾನು ಶಾಲೆಯಿಂದ ಬಂದಾಗ ಆಂಟಿ ಪುಸ್ತಕ ತೆಗೆದಿರಲಿಲ್ಲ. ನನ್ನ ಮುಂದೆ ಒಂದು ಬಿಸ್ಕತ್ತು ಇಟ್ಟರು. ನಾನು ಕೈ ಚಾಚಿದ್ದೇ ತಡ, ಗಬಕ್ಕನೆ ತಾವೇ ತಿಂದುಬಿಟ್ಟರು! ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. “ಎಂತ ನೋಡ್ತೀ? ಜಗಳ ಮಾಡು. ‘ದಟ್ಸ್ ಮೈನ್’ ಅನ್ನು. ಅಂದ್ರೆ ಇನ್ನೊಂದು ಸಿಗ್ತದೆ.” ಅವರ ಲೆಕ್ಕದಲ್ಲಿ ಯಾವ ಭಾಷೆಯನ್ನು ಕಲಿಯಬೇಕಾದರೂ ಮೊದಲು ಅದರಲ್ಲಿ ಜಗಳವಾಡಲು ಬರಬೇಕು. “ಥ್ಯಾಂಕ್ಯೂ, ಪ್ಲೀಸು ಎಲ್ಲ ಆಮೇಲೆ. ಥ್ಯಾಂಕ್ಯೂ ಹೇಳ್ಲಿಕ್ಕೆ ಯಾರಿಗೆ ಅರ್ಜೆಂಟು ಇರ್ತದೆ? ಬಿಸ್ಕತ್ತು ಹೋದ್ರೆ ಅರ್ಜೆಂಟು ಇರ್ತದೆ!” ನನ್ನ ಪೆನ್ಸಿಲು ಕದ್ದರು, ನನ್ನ ಮಂಚದಲ್ಲಿ ಮಲಗಿದರು, ಚೆನ್ನೆಮಣೆಯಲ್ಲಿ ಹಾಡಹಗಲೇ ಮೋಸ ಮಾಡಿದರು. ಐದಾರು ಬಿಸ್ಕತ್ತು ಹೋದ ಮೇಲೆ ನನ್ನ ಬಾಯಿಂದ “ದಟ್ಸ್ ಮೈನ್” ಹೊರಟಿತು. ಆಮೇಲೆ “ಇಟ್ಸ್ ನಾಟ್ ಫೇರ್”. ಆಮೇಲೆ “ಮೈ ಟರ್ನ್”. ಎಲ್ಲವೂ ಬೋಲ್ಟನ್ನಿನ ರಾಗದಲ್ಲಿ. ಆದರೆ ಅಡುಗೆಮನೆಯ ಹೊಸ್ತಿಲು ದಾಟಿದರೆ ಮತ್ತೆ ಮೂಕಿ.

ಬೆಳಿಗ್ಗೆಯ ಪಾಠಶಾಲೆ ಬಾತ್‌ರೂಮಿನ ಬಾಗಿಲಲ್ಲಿ. ಎರಡು ಸಂಸಾರಕ್ಕೆ ಒಂದೇ ಬಾತ್‌ರೂಮು ಇರುವವರಿಗೆ ಕ್ಯೂವಿನ ಬೆಲೆ ಹೇಳಿಕೊಡಬೇಕಿಲ್ಲ. ಹಿಲರಿ ಅಂಕಲಿಗೆ ಮಾತ್ರ ಅದು ತಲೆಗೆ ಹೋಗುತ್ತಿರಲಿಲ್ಲ. ಟವೆಲು ಹೆಗಲಿಗೆ ಹಾಕಿ ಏನೂ ಗೊತ್ತಿಲ್ಲದವರ ಹಾಗೆ ಸೀದಾ ಒಳಗೆ ನುಗ್ಗುವರು. ಆಗ ಆಂಟಿ ಬಾಗಿಲಿಗೆ ಅಡ್ಡ ಕೈಯಿಟ್ಟು, “ದೇರ್ಸ್ ಎ ಕ್ಯೂ, ಲವ್!” ಎನ್ನುವರು. ಅಂಕಲ್ ಕುರಿಮರಿಯ ಹಾಗೆ ಹಿಂದೆ ಬಂದು ನಿಲ್ಲುವರು. ಬೋಲ್ಟನ್ನಿನಲ್ಲಿ ಬಸ್ ಕಂಡಕ್ಟರಿನಿಂದ ಹಿಡಿದು ಅಂಗಡಿಯ ಮುದುಕಿಯತನಕ ಎಲ್ಲರೂ ಎಲ್ಲರನ್ನೂ ‘ಲವ್’ ಎಂದೇ ಕರೆಯುವುದಂತೆ, ನಮ್ಮಲ್ಲಿ ಮಾರಾಯ, ಮಾರಾಯ್ತಿ ಎಂದ ಹಾಗೆ. ಆಂಟಿ ಅಲ್ಲಿಗೆ ಹೋದ ಹೊಸತರಲ್ಲಿ ಮೀನಿನಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಒಬ್ಬ ದಾಂಡಿಗ ಇವರನ್ನು ದೂಡಿ ಮುಂದೆ ಹೋದನಂತೆ. ಹಿಂದಿದ್ದ ಅಜ್ಜಿಯೊಬ್ಬಳು ಅವನ ತೋಳು ಹಿಡಿದು ಇದೇ ‘ದೇರ್ಸ್ ಎ ಕ್ಯೂ, ಲವ್’ ಎಂದು ಹೇಳಿ, ಹಿಂದಕ್ಕೆ ಕಳಿಸಿದಳಂತೆ. ಅದು ಆಂಟಿಗೆ ಪೂರ್ತಿ ಅರ್ಥವಾದ ಮೊದಲ ಇಂಗ್ಲಿಷ್ ವಾಕ್ಯ. “ಬೈಯುವಾಗ ಲವ್ ಅಂತ ಸೇರಿಸ್ಬೇಕು ಮಗಾ. ಇಲ್ಲದಿದ್ರೆ ಮರ್ಯಾದೆ ಇಲ್ಲದ ಹಾಗೆ ಆಗ್ತದೆ,” ಎಂದು ನನಗೆ ಕಟ್ಟುನಿಟ್ಟಾಗಿ ಹೇಳಿಕೊಟ್ಟಿದ್ದರು.

ಪರೀಕ್ಷೆಗೆ ಇನ್ನೇನು ಸ್ವಲ್ಪವೇ ದಿನ ಉಳಿದಿದ್ದಾಗ ಶಾಲೆಯ ಕ್ಯಾಂಟೀನಿನಲ್ಲಿ ಅದು ನಡೆಯಿತು. ಸಮೋಸಾದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಹುಡುಗ, ಆಮೇಲೆ ನಾನು. ಅಷ್ಟರಲ್ಲಿ ಪಕ್ಕದಿಂದ ಒಂದು ದೊಡ್ಡ ಸೀರೆ ಬಂದು ನಮ್ಮಿಬ್ಬರಿಗೂ ಅಡ್ಡ ನಿಂತು, “ಒನ್ ಟೀ” ಎಂದಿತು. ನನ್ನ ಕಣ್ಣಿಗೆ ಕಂಡದ್ದು ಸೀರೆಯ ಬೆನ್ನು ಮಾತ್ರ. ನನಗೆ ಏನಾಯಿತೋ ಗೊತ್ತಿಲ್ಲ. ಬೆಳಿಗ್ಗೆ ಹಿಲರಿ ಅಂಕಲ್ ನನ್ನನ್ನು ದಾಟಿ ನುಗ್ಗಿ ಅರ್ಧ ಗಂಟೆ ಒಳಗೆ ಕೂತಿದ್ದರ ಸಿಟ್ಟೂ ಇತ್ತೋ ಏನೋ!

“ದೇರ್ಸ್ ಎ ಕ್ಯೂ, ಲವ್!” ಎಂದೆ.

ಸೀರೆ ತಿರುಗಿತು. ಅವರು ಪ್ರೈಮರಿಯ ಸೂಪರ್‌ವೈಸರ್ ಮೇಡಂ! ಅವರು ನಡೆದುಬಂದರೆ ಟೀಚರುಗಳೇ ಗೋಡೆಗೆ ಅಂಟುತ್ತಿದ್ದರು. “ವಾಟ್ ಡಿಡ್ ಯು ಸೇ?” ಎಂದರು. ಪಾಪ, ಕೇಳಿಸಲಿಲ್ಲವೇನೋ ಎಂದುಕೊಂಡು ನಾನು ಇನ್ನೂ ಗಟ್ಟಿಯಾಗಿ ಹೇಳಿದೆ. ಸಮೋಸಾ ಕೊಡುವವನ ಕೈ ಗಾಳಿಯಲ್ಲೇ ನಿಂತಿತ್ತು.

ಮಧ್ಯಾಹ್ನವೇ ಅಪ್ಪನ ಅಂಗಡಿಗೆ ಫೋನು. ಅಪ್ಪ ಮನೆಗೆ ಬಂದವರು ಕಲ್ಲಾಗಿ ಕೂತರು. “ಖಲಾಸ್. ಇನ್ನು ಪರೀಕ್ಷೆ ತನಕ ಕಾಯುವ ಕೆಲಸವೂ ಇಲ್ಲ. ಇಷ್ಟು ದಿನ ಮಾತಾಡದವಳು ಮಾತಾಡಿದ್ದು ಇದು!” ಅಮ್ಮ ಅಳತೊಡಗಿದರು. ಆಂಟಿ ನಡೆದದ್ದನ್ನೆಲ್ಲ ಕೇಳಿ, “ಸಾಯ್ಬಾ ಭೊಗೊಸ್!” ಎಂದು ದೇವರ ಕ್ಷಮೆ ಕೇಳಿದವರೇ ಕುರ್ಚಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ನನ್ನ ಮುಖ ನೋಡಿ ಗಂಭೀರವಾದರು. “ನಾಳೆ ನಾನೂ ಬರ್ತೇನೆ,” ಎಂದರು.

ಮರುದಿನ ಸೂಪರ್‌ವೈಸರ್ ಮೇಡಂ ಕೋಣೆಯಲ್ಲಿ ನಾವು ನಾಲ್ವರೂ ಸಾಲಾಗಿ ಕೂತೆವು. ಆಂಟಿ ತೊಳೆದು ಇಸ್ತ್ರಿ ಮಾಡಿದ ಸ್ವೆಟರು ಹಾಕಿದ್ದರು. ಇನ್ನು ಇವರು ಮಾತಿನಲ್ಲೇ ಮೇಡಂ ಅವರನ್ನು ಸುಸ್ತು ಮಾಡಿಬಿಡುತ್ತಾರೆ ಎಂಬ ಒಂದೇ ಧೈರ್ಯ ಅಪ್ಪನಿಗೆ. ಅಪ್ಪ “ಸಾರಿ ಮೇಡಂ” ಎಂದು ಶುರುಮಾಡಿದರು. ಮೇಡಂ ಕೈಯೆತ್ತಿ ತಡೆದು ನನ್ನನ್ನೇ ಕೇಳಿದರು, ನಿನ್ನೆ ಯಾಕೆ ಹಾಗೆ ಅಂದೆ ಎಂದು.

ಅಮ್ಮ ಬಾಯಿ ತೆರೆದರು. ಆಂಟಿ ಮೇಜಿನ ಕೆಳಗೆ ಅಮ್ಮನ ಪಾದವನ್ನು ಒತ್ತಿ ತುಳಿದದ್ದು ನನಗೆ ಕಂಡಿತು. ಅಮ್ಮ ಬಾಯಿ ಮುಚ್ಚಿದರು. ನಾನು ಆಂಟಿಯನ್ನು ನೋಡಿದೆ. ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲದ ಆ ಹೆಂಗಸು ತುಟಿ ಬಿಗಿದು ಕೂತಿದ್ದರು. ಮುಖ ಕೆಂಪಾಗಿತ್ತು, ಕುತ್ತಿಗೆಯ ನರ ಎದ್ದಿತ್ತು, ಎರಡು ಕೈಯಲ್ಲೂ ಸ್ವೆಟರಿನ ಅಂಚು ಹಿಡಿದುಕೊಂಡಿದ್ದರು. ಯಾರೂ ನನ್ನ ಪರವಾಗಿ ಹೇಳುವುದಿಲ್ಲ ಎಂದು ಖಾತ್ರಿಯಾಯಿತು.

ಆ ಹುಡುಗ ಮೊದಲು ಬಂದಿದ್ದ, ನಾನು ಎರಡನೆಯವಳು, ನೀವು ಕೊನೆಗೆ ಬಂದಿರಿ, ಇಟ್ಸ್ ನಾಟ್ ಫೇರ್ ಎಂದು ಇಂಗ್ಲಿಷಿನಲ್ಲೇ ಹೇಳಿದೆ. ತುಂಡು ತುಂಡಾಗಿಯಾದರೂ ಹೇಳಿದೆ. ಅಮ್ಮ ನನ್ನ ಕೈ ಹಿಡಿದುಕೊಂಡರು.

ಮೇಡಂ ಕನ್ನಡಕ ತೆಗೆದರು. ಸರಿ, ಹಾಗಾದರೆ ಲವ್ ಎಂದು ಯಾಕೆ ಕರೆದೆ ಎಂದು ಕೇಳಿದರು. ಇದಕ್ಕೆ ನನ್ನ ಹತ್ತಿರ ಉತ್ತರ ರೆಡಿ ಇತ್ತು.

“ಇಫ್ ಐ ಡೋಂಟ್ ಸೇ ಲವ್, ಇಟ್ಸ್ ರೂಡ್, ಮಿಸ್.”

ಮೇಡಂ ಮುಖದಲ್ಲಿ ಏನೋ ಅಲುಗಿತು. ಯಾರು ಹೇಳಿಕೊಟ್ಟರು ಎಂದರು. ನಾನು ಆಂಟಿಯತ್ತ ಬೆರಳು ತೋರಿಸಿದೆ. ಅಷ್ಟು ಹೊತ್ತು ಕಟ್ಟಿಟ್ಟ ಬಾಯಿ ಇನ್ನೆಲ್ಲಿ ತಡೆಯುತ್ತದೆ! ಆಂಟಿ ಫೋನಿನಲ್ಲಿ ಉತ್ತರಿಸುವ ಅದೇ ದನಿಯಲ್ಲಿ, “ಐ ಡಿಡ್, ಲವ್,” ಎಂದುಬಿಟ್ಟರು.

ಅಪ್ಪ ಕಣ್ಣು ಮುಚ್ಚಿಕೊಂಡರು. ಮೇಡಂ ಮೊದಲು ಕೆಮ್ಮಿದರು, ಆಮೇಲೆ ಕರ್ಚೀಫು ಬಾಯಿಗೆ ಒತ್ತಿಕೊಂಡರು, ಆಮೇಲೆ ನಕ್ಕೇ ನಕ್ಕರು. ನಗು ಕೇಳಿ ಹೊರಗಿನ ಪ್ಯೂನ್ ಬಾಗಿಲು ತೆರೆದು ನೋಡಿದ. ಚಹಾ ತರಿಸಿದರು. ಬೋಲ್ಟನ್ನಿನ ಗುಲಾಬಿ ಕಸ್ಟರ್ಡಿನ ಕಥೆ ಅವರಿಗೂ ಆಯಿತು. ಮಗು ಇಲ್ಲೇ ಇರಲಿ, ಬಾಯಿ ಬಂದ ಮೇಲೆ ಉಳಿದದ್ದು ತಾನೇ ಬರುತ್ತದೆ ಎಂದರು. ಹೊರಡುವಾಗ ನನ್ನ ಕೆನ್ನೆ ಹಿಂಡಿ, ಟೀಚರುಗಳನ್ನು ಮಿಸ್ ಎಂದರೆ ಸಾಕು ಎಂದು ಸೇರಿಸಿದರು. ಅಂದಿನಿಂದ ಅವರು ಕ್ಯಾಂಟೀನಿಗೆ ಬಂದರೆ ಸಾಲಿನ ಕೊನೆಯಲ್ಲೇ ನಿಲ್ಲುತ್ತಿದ್ದರು, ಅದೂ ನನ್ನತ್ತ ಒಮ್ಮೆ ನೋಡಿ.

ಶಾಲೆಯ ಗೇಟು ದಾಟಿದ್ದೇ ನಾನು ಅಮ್ಮನ ಕೈ ಜಗ್ಗಿ, “ಅಮ್ಮಾ, ನೀನು ಯಾಕೆ ಅಳ್ತಿದ್ದಿ?” ಎಂದು ಕೇಳಿದೆನಂತೆ. ನನಗೆ ನೆನಪಿಲ್ಲ. ಅಮ್ಮ ಈಗಲೂ ಹೇಳುತ್ತಾಳೆ, ಸುಮನಾ ನನಗೆ ಮೊದಲ ಸಲ ‘ನೀನು’ ಅಂದದ್ದು ಆ ಫುಟ್‌ಪಾತಿನಲ್ಲಿ ಎಂದು.

ಆಮೇಲೆ ನನ್ನ ಬಾಯಿ ಮುಚ್ಚಿಸುವುದೇ ದೊಡ್ಡ ಕೆಲಸವಾಯಿತು ಎಂಬುದನ್ನು ನನ್ನ ಗಂಡನನ್ನು ಕೇಳಿದರೆ ವಿವರವಾಗಿ ಹೇಳುತ್ತಾನೆ. ನಾನು ಇಲ್ಲೇ ಓದಿದೆ, ಇಲ್ಲೇ ಕೆಲಸಕ್ಕೆ ಸೇರಿದೆ; ಈಗ ದುಬೈಯದೇ ಹೊಸ ಬಡಾವಣೆ ಸಿಲಿಕಾನ್ ಓಯಸಿಸ್‌ನಲ್ಲಿ ಮನೆ. ಹಿಲರಿ ಅಂಕಲ್ ರಿಟೈರಾದ ಮೇಲೆ ಆಂಟಿ ಮಂಗಳೂರಿಗೆ ಹೋದರು. ಅಲ್ಲಿಗೆ ಹೋದ ಮೇಲೂ ಭಾನುವಾರ ಪೂಜೆ ಮುಗಿಸಿ ಬಂದ ಕೂಡಲೇ ವಿಡಿಯೊ ಕಾಲ್ ಮಾಡಿ ನನ್ನ ಹತ್ತಿರ ಕನ್ನಡದಲ್ಲಿ ಹರಟುವುದನ್ನು ಬಿಡಲಿಲ್ಲ.

ನನ್ನ ಮಗಳು ಅನ್ವಿಯ ವಿಷಯದಲ್ಲಿ ನನಗೆ ಉಲ್ಟಾ ಸಮಸ್ಯೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಗದರಿಸಿದೆ, ಮುದ್ದು ಮಾಡಿದೆ, ಶುಕ್ರವಾರದ ಕನ್ನಡ ಕ್ಲಾಸಿಗೂ ಸೇರಿಸಿದೆ. ಅಲ್ಲಿ ಅಕ್ಷರ ಕಲಿತಳೇ ಹೊರತು ಮಾತು ಮಾತ್ರ ಬರಲಿಲ್ಲ. ಉಡುಪಿಯ ನನ್ನ ಅಜ್ಜಿ ಫೋನು ಹಿಡಿದು, “ಇವಳು ಎಂತ ಹೇಳುದು?” ಎಂದು ಕೇಳಿ ಕೇಳಿ ಸುಮ್ಮನಾದರು. ಇದನ್ನೊಮ್ಮೆ ಆಂಟಿಯ ಹತ್ತಿರ ತೋಡಿಕೊಂಡೆ. “ಹೌದಾ? ಮುಂದಿನ ವಾರ ಅವಳ ಕೈಗೆ ಫೋನು ಕೊಡು. ನೀನು ಮಧ್ಯೆ ಬಾಯಿ ಹಾಕ್ಬೇಡ,” ಎಂದರು.

ಮುಂದಿನ ಭಾನುವಾರ ಅನ್ವಿ, “ಹಾಯ್ ಸ್ಟೆಲ್ಲಾ ಅಜ್ಜಿ, ಹೌ ಆರ್ ಯು?” ಎಂದಳು. ಆಂಟಿ ಪರದೆಯನ್ನೇ ಪಿಳಿಪಿಳಿ ನೋಡಿದರು.

“ಎಂತ ಹೇಳ್ತೀ ಮಗಾ? ನನಗೆ ಇಂಗ್ಲಿಷ್ ಬರುದಿಲ್ಲ.”

ನನ್ನ ಕೈಯಲ್ಲಿದ್ದ ಕಾಫಿ ಚೆಲ್ಲಿತು. ಇಂಗ್ಲೆಂಡಿನವರನ್ನೇ ಏಮಾರಿಸಿದ ಆ ದನಿ, ಏಳು ಜನ್ಮದಲ್ಲಿ ಇಂಗ್ಲಿಷ್ ಕೇಳಿಲ್ಲದವರ ಹಾಗೆ ಮಾತಾಡುತ್ತಿತ್ತು! ಅನ್ವಿಗೆ ದಿಗಿಲಾಯಿತು. ಇಂಗ್ಲಿಷ್ ಬರುವುದಿಲ್ಲ ಎಂದು ಮುಖಕ್ಕೇ ಹೇಳಿದವರನ್ನು ಅವಳು ನೋಡಿರಲಿಲ್ಲ. ಅಜ್ಜಿಗೆ ಹೇಗಾದರೂ ಅರ್ಥ ಮಾಡಿಸಬೇಕಲ್ಲ? ಕೈಸನ್ನೆ ಮಾಡಿದಳು, ಚಿತ್ರ ತೋರಿಸಿದಳು, ಕೊನೆಗೆ ನನ್ನಿಂದ ಒಂದೊಂದೇ ಕನ್ನಡ ಶಬ್ದ ಕೇಳಿ ತೆಗೆದುಕೊಂಡು ಹೋಗಿ ಅಜ್ಜಿಗೆ ಕೊಟ್ಟಳು. ಕೆಲವು ತಿಂಗಳಲ್ಲಿ ಆ ಶಬ್ದಗಳು ವಾಕ್ಯಗಳಾದವು. ವರ್ಷ ಕಳೆಯುವುದರೊಳಗೆ ಅಜ್ಜಿ ಮೊಮ್ಮಗಳು ಇಬ್ಬರೂ ಸೇರಿ ನನ್ನ ಮೇಲೆ ಚಾಡಿ ಹೇಳಿಕೊಳ್ಳುವಷ್ಟಾಯಿತು. ಅನ್ವಿಯ ಬಾಯಲ್ಲಿ ‘ಎಂತದು’, ‘ಮಾರಾಯ್ತಿ’ ಕೇಳಿ ಬೆಂಗಳೂರಿನವನಾದ ನನ್ನ ಗಂಡ ತಲೆ ಚಚ್ಚಿಕೊಂಡ. ಪ್ರತಿಯಾಗಿ ಅನ್ವಿ ಅಜ್ಜಿಗೆ ಇಂಗ್ಲಿಷ್ ಕಲಿಸಲು ಹೊರಟಳು. “ಬನಾನ ಅನ್ನಿ ಅಜ್ಜಿ.” “ಬಾನಾನಾ.” “ಅಯ್ಯೋ, ಹಾಗಲ್ಲ!” ಆಂಟಿ ತಪ್ಪಿನ ಮೇಲೆ ತಪ್ಪು ಮಾಡುತ್ತಾ, ಅವಳ ಬೆನ್ನ ಹಿಂದೆ ನಿಂತ ನನ್ನತ್ತ ಒಂದು ಕಣ್ಣು ಮಿಟುಕಿಸುತ್ತಿದ್ದರು.

ಹೋದ ಬೇಸಿಗೆ ರಜೆಯಲ್ಲಿ ಮಂಗಳೂರಿನ ಅವರ ಮನೆಗೆ ಹೋಗಿದ್ದೆವು. ಆಂಟಿ ತುಂಬಾ ಸೊರಗಿದ್ದರು. ಆ ಸೆಕೆಯಲ್ಲೂ ಸ್ವೆಟರು ಬಿಟ್ಟಿರಲಿಲ್ಲ. ನಾವು ಕೂತಿದ್ದಾಗ ಚರ್ಚಿನ ಹೊಸ ಫಾದರ್ ಬಂದು ಇಂಗ್ಲಿಷಿನಲ್ಲಿ ಆರೋಗ್ಯ ವಿಚಾರಿಸಿದರು. ಅನ್ವಿ ಪಕ್ಕದಲ್ಲೇ ಇದ್ದಳು. ಆಂಟಿ ಎಲ್ಲದಕ್ಕೂ ಕೊಂಕಣಿಯಲ್ಲೇ ಉತ್ತರಿಸಿದರು. “ಫಾದರ್, ಅಜ್ಜಿಗೆ ಇಂಗ್ಲಿಷ್ ಬರುದಿಲ್ಲ, ನಾನು ಹೇಳ್ತೇನೆ,” ಎಂದು ಅನ್ವಿ ನಡುವೆ ನಿಂತು ಫಾದರ್ ಕೇಳಿದ್ದನ್ನೆಲ್ಲ ಅಜ್ಜಿಗಾಗಿ ಕನ್ನಡಕ್ಕೆ ಅನುವಾದ ಮಾಡಿದಳು. ಆಂಟಿಯ ಇಂಗ್ಲಿಷ್ ಕೇಳಿ ಗೊತ್ತಿದ್ದ ಫಾದರ್ ಕಕ್ಕಾಬಿಕ್ಕಿಯಾದರು. ಹೊರಡುವಾಗ ನಾನು ಆಂಟಿಯ ಕಿವಿಯಲ್ಲಿ, “ನೀವು ಮಹಾ ಸುಳ್ಳುಗಾರ್ತಿ,” ಎಂದೆ. “ಕುಂಪ್ಸಾರಿಗೆ, ಪಾಪ ಒಪ್ಪಿಕೊಳ್ಲಿಕ್ಕೆ ಹೋದಾಗ ಹಳೆ ಫಾದರಿಗೆ ಹೇಳಿದ್ದೇನೆ. ಈ ಸುಳ್ಳಿಗೆ ಪ್ರಾಯಶ್ಚಿತ್ತ ಕೊಡುದಿಲ್ಲ ಅಂದ್ರು,” ಎಂದು ನಕ್ಕು ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಅದೇ ಕೊನೆಯ ಭೇಟಿ.

ಕ್ರಿಸ್‌ಮಸ್ ಕಳೆದು ಸ್ವಲ್ಪ ದಿನಕ್ಕೆ ಮಂಗಳೂರಿನಿಂದ ಫೋನು ಬಂತು. ನಿದ್ದೆಯಲ್ಲೇ ಹೋದರಂತೆ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಚೆನ್ನಾಗಿ ಅತ್ತೆ. ಅನ್ವಿಗೆ ಹೇಗೆ ಹೇಳುವುದು ಎಂದು ತಿಳಿಯದೆ ಮರುದಿನ ಶಾಲೆಗೆ ಬಿಡಲು ಹೋಗುವಾಗ ಕಾರಿನಲ್ಲಿ ಹೇಳಿದೆ. ಸ್ಟೆಲ್ಲಾ ಅಜ್ಜಿ ದೇವರ ಹತ್ತಿರ ಹೋದರು ಎಂದೆ. ಅವಳು ಅಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸಿಗ್ನಲಿನಲ್ಲಿ ಕಾರು ನಿಂತಾಗ ಹಿಂದಿನ ಸೀಟಿನಿಂದ ಸಣ್ಣ ದನಿ ಬಂತು.

“ಅಮ್ಮಾ, ಅಲ್ಲಿ ಎಲ್ರೂ ಇಂಗ್ಲಿಷಿನಲ್ಲಿ ಮಾತಾಡಿದ್ರೆ ಅಜ್ಜಿ ಎಂತ ಮಾಡ್ತಾರೆ? ಪಾಪ, ನಾನು ಅವರಿಗೆ ಕಲಿಸಿದ್ದು ಬರೀ ಹಣ್ಣುಗಳ ಹೆಸರು ಮಾತ್ರ.”

ನಾನು ಕನ್ನಡಿಯಲ್ಲಿ ಅವಳನ್ನು ನೋಡಿದೆ. ನಿಜ ಹೇಳಲು ಬಾಯಿ ಬರಲಿಲ್ಲ.

“ಸುಧಾರಿಸ್ತಾರೆ ಮಗಾ,” ಎಂದೆ. “ನೀನು ಅಷ್ಟು ಕಲಿಸಿದ್ದೀಯಲ್ಲ.”